ನಾಯಿಗೆ ನಮ್ಮ ಡ್ರಾಯರ್‌ನಲ್ಲಿ ಉಳಿದ ಮಾತ್ರೆ ಬೇಡ

ರಾತ್ರಿ ಹತ್ತೂವರೆಗೆ ಸೊಸೈಟಿ ಗ್ರೂಪಿನಲ್ಲಿ ಒಂದು ಮೆಸೇಜ್: ‘ನಮ್ಮ ನಾಯಿಗೆ ಬೆಳಗ್ಗೆಯಿಂದ ಭೇದಿ, ಯಾವ ಮಾತ್ರೆ ಕೊಡಲಿ?’ ಐದು ನಿಮಿಷದಲ್ಲಿ ಉತ್ತರಗಳು ಶುರು. ಒಬ್ಬರು ನಾರ್‌ಫ್ಲಾಕ್ಸಾಸಿನ್ ಅನ್ನುತ್ತಾರೆ, ಇನ್ನೊಬ್ಬರು ಮೆಟ್ರೊನಿಡಜೋಲ್ ಅರ್ಧ ಸಾಕು ಅನ್ನುತ್ತಾರೆ, ಮತ್ತೊಬ್ಬರು ಮಗುವಿಗೆ ತಂದ ಸಿರಪ್ ಉಳಿದಿದ್ದರೆ ಅದನ್ನೇ ಕುಡಿಸಿ ಅನ್ನುತ್ತಾರೆ. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಈ ಮೂರರಲ್ಲಿ ಒಂದನ್ನೂ ಕೊಡಬೇಡಿ.

ಒಂದು ದಿನದ ಸಾಧಾರಣ ಭೇದಿಗೆ ಆಂಟಿಬಯೋಟಿಕ್ ಬೇಕಾಗುವುದೇ ಕಡಿಮೆ. ಬೆಳೆದ ನಾಯಿ ಚುರುಕಾಗಿದ್ದು ನೀರು ಕುಡಿಯುತ್ತಿದ್ದರೆ, ಉಪ್ಪು-ಮಸಾಲೆಯಿಲ್ಲದ ಅನ್ನ, ಬೇಯಿಸಿದ ಕೋಳಿಮಾಂಸದಲ್ಲೇ ಹೆಚ್ಚಿನ ಸಲ ಸರಿಹೋಗುತ್ತದೆ. ರಕ್ತ ಕಂಡರೆ, ವಾಂತಿಯೂ ಸೇರಿಕೊಂಡರೆ ಅಥವಾ ಅದು ಮರಿಯಾಗಿದ್ದರೆ ಮಾತ್ರ ಬೆಳಗಾಗುವವರೆಗೂ ಕಾಯಬೇಡಿ. ಮರಿಗಳಿಗೆ ಬರುವ ಪಾರ್ವೊ ವೈರಸ್ ಕಾಯಿಲೆ. ಆಂಟಿಬಯೋಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ, ಮರಿಗೆ ಆಗ ಮೊದಲು ಬೇಕಾದದ್ದು ಡ್ರಿಪ್. ‘ಮಾತ್ರೆ ಕೊಟ್ಟಿದ್ದೇವಲ್ಲ, ನೋಡೋಣ’ ಎಂದು ಕಳೆದ ಒಂದು ರಾತ್ರಿ ಅದರ ಜೀವಕ್ಕೇ ಕುತ್ತಾಗಬಹುದು.

ಇನ್ನು ಈ ‘ಅರ್ಧ ಮಾತ್ರೆ’ ಲೆಕ್ಕ. 5 ಕಿಲೋ ಪಾಮೇರಿಯನ್‌ಗೂ 35 ಕಿಲೋ ಲ್ಯಾಬ್ರಡಾರ್‌ಗೂ ಅರ್ಧವೇ? ಪಶುವೈದ್ಯರು ಮೊದಲು ತೂಕ ನೋಡುವುದು ಸುಮ್ಮನೆ ಅಲ್ಲ. ಮೆಟ್ರೊನಿಡಜೋಲ್ ಹೆಚ್ಚಾದರೆ ನಾಯಿ ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ. ನಾರ್‌ಫ್ಲಾಕ್ಸಾಸಿನ್ ಜಾತಿಯ ಔಷಧಿಗಳು ಬೆಳೆಯುವ ಮರಿಯ ಕೀಲಿನ ಮೃದ್ವಸ್ಥಿಗೆ ಹಾನಿ ಮಾಡಬಲ್ಲವು. ಸಕ್ಕರೆ ಇಲ್ಲದ ಕೆಲವು ಸಿರಪ್‌ಗಳಲ್ಲಿ ಸಿಹಿಗೆಂದು ಕ್ಸೈಲಿಟಾಲ್ ಹಾಕಿರುತ್ತಾರೆ. ನಮಗೆ ಅದರಿಂದ ತೊಂದರೆಯಿಲ್ಲ, ನಾಯಿಗೆ ಮಾತ್ರ ವಿಷ. ರಕ್ತದ ಸಕ್ಕರೆ ಥಟ್ಟನೆ ಇಳಿಯುತ್ತದೆ, ಲಿವರ್ ಕೂಡ ಕೆಡಬಹುದು.

ಡಾಕ್ಟರು ಬರೆದುಕೊಟ್ಟ ಮೇಲೂ ನಾವು ತಪ್ಪುತ್ತೇವೆ. ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್‌ಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ಎರ್ಲಿಕಿಯಾ ಆಗಿದ್ದರೆ ಸುಮಾರು 28 ದಿನ. ನಾಲ್ಕನೇ ದಿನಕ್ಕೆ ನಾಯಿ ಬಾಲ ಅಲ್ಲಾಡಿಸಿ ಊಟ ಕೇಳುತ್ತದೆ, ನಾವು ಮಾತ್ರೆ ನಿಲ್ಲಿಸಿಬಿಡುತ್ತೇವೆ. ಒಳಗೆ ಉಳಿದ ಸೋಂಕು ಮತ್ತೆ ತಲೆಯೆತ್ತಬಹುದು. ಆಂಟಿಬಯೋಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾ ನಾಯಿಯಿಂದ ಮನೆಯವರಿಗೂ ದಾಟಬಲ್ಲವು. ನಮ್ಮ ಫ್ಲ್ಯಾಟ್‌ಗಳಲ್ಲಿ ನಾಯಿ ಮಲಗುವುದು ಮಕ್ಕಳ ಮಂಚದ ಮೇಲೆ ತಾನೆ?

ಮತ್ತೆ ಮೊಸರನ್ನ! ಕನ್ನಡದವರ ಮನೆಯ ನಾಯಿಗೆ ಮಾತ್ರೆ ಹೋಗುವುದೇ ಮೊಸರನ್ನದ ಉಂಡೆಯೊಳಗೆ. ಹಾಲು, ಮೊಸರು, ಪನೀರ್, ರಾಗಿ ಅಂಬಲಿಯಲ್ಲಿರುವ ಕ್ಯಾಲ್ಸಿಯಂ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧಿಗಳನ್ನು ಹಿಡಿದುಕೊಂಡು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಇಡ್ಲಿ ತುಂಡಿನಲ್ಲೋ ಬೇಯಿಸಿದ ಮೊಟ್ಟೆಯಲ್ಲೋ ಇಟ್ಟು ಕೊಡಿ, ಮೇಲೆ ಒಂದಿಷ್ಟು ನೀರು ಕುಡಿಸಿ. ಡಾಕ್ಸಿಸೈಕ್ಲಿನ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಎಲ್ಲ ಮಾತ್ರೆಗೂ ಈ ಪಥ್ಯ ಇಲ್ಲ, ಚೀಟಿ ಬರೆಸಿಕೊಳ್ಳುವಾಗಲೇ ಕೇಳಿಬಿಡಿ.

ಊರಿನ ಪರಿಚಯದ ಡಾಕ್ಟರಿಗೆ ಫೋನ್ ಮಾಡುವುದು ಹೊರನಾಡಿನ ನಮಗೆಲ್ಲ ಅಭ್ಯಾಸ. ಇಲ್ಲಿನ ಭಾಷೆಯಲ್ಲಿ ನಾಯಿಯ ಕಷ್ಟ ಹೇಳಲು ಬಾರದ ಅಮ್ಮ ಒಬ್ಬರೇ ಮನೆಯಲ್ಲಿದ್ದರಂತೂ ಅದೊಂದೇ ದಾರಿ ಅನಿಸುತ್ತದೆ. ಆದರೆ ವಸಡಿನ ಬಣ್ಣ, ಜ್ವರ, ಹೊಟ್ಟೆಯ ನೋವು ಫೋನಿನಲ್ಲಿ ಸಿಗುವುದಿಲ್ಲ. ಮುಂಬೈಯವರಿಗೆ ಪರೇಲ್‌ನ ಪ್ರಾಣಿಗಳ ಆಸ್ಪತ್ರೆ ಇದೆ, ಚೆನ್ನೈಯವರಿಗೆ ವೇಪೇರಿಯ ಪಶುವೈದ್ಯಕೀಯ ಕಾಲೇಜು ಇದೆ. ಭೇದಿಯ ಫೋಟೊ, ನಾಯಿ ನಡೆಯುವ ವಿಡಿಯೊ, ಈಗಾಗಲೇ ಕೊಟ್ಟ ಮಾತ್ರೆಯ ಸ್ಟ್ರಿಪ್ ತೆಗೆದುಕೊಂಡು ಹೋದರೆ ಅರ್ಧ ಮಾತು ಅವೇ ಆಡುತ್ತವೆ.

ಆ ಸ್ಟ್ರಿಪ್ಪಿನ ಹಿಂದೆ ಕೆಂಪು ಗೆರೆ ಇದೆಯೇ ನೋಡಿ. ಚೀಟಿಯಿಲ್ಲದೆ ಕೊಳ್ಳಬಾರದ ಔಷಧಿಯ ಗುರುತು ಅದು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದರ ಬಗ್ಗೆ ಪ್ರಚಾರವನ್ನೇ ಮಾಡಿತ್ತು. ಮೆಡಿಕಲ್‌ನವರು ಕೇಳದೆ ಕೊಟ್ಟರು ಅನ್ನುವ ನೆಪ ನಾಯಿಯ ಹೊಟ್ಟೆಗೆ ಗೊತ್ತಾಗುವುದಿಲ್ಲ.