ಘಾಟಿಯಲ್ಲಿ ಉಸಿರುಗಟ್ಟಿದ ಗಾಡಿ

ಮೇ ತಿಂಗಳ ರಜೆ ಮುಗಿಸಿ ಅಂಕೋಲೆಯಿಂದ ಪುಣೆಗೆ ವಾಪಸ್ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು, ಡಿಕ್ಕಿ ತುಂಬ ಹಲಸಿನ ಹಪ್ಪಳ, ಉಪ್ಪಿನಕಾಯಿ ಡಬ್ಬಿ. ಅರಬೈಲ್ ಘಾಟಿ ಹತ್ತುವಾಗ ಮುಂದೊಂದು ಲೋಡು ತುಂಬಿದ ಲಾರಿ. ಸ್ವಲ್ಪ ನೇರ ರಸ್ತೆ ಸಿಕ್ಕಿತೆಂದು ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಲಾರಿಯ ಅರ್ಧಕ್ಕೆ ಬಂದಿದ್ದೇವೆ, ಗಾಡಿ ಒಮ್ಮೆಲೇ ಸೋತುಹೋಯಿತು. ಪೆಡಲ್ ನೆಲಕ್ಕೆ ತಾಗಿದರೂ ಆರ್‌ಪಿಎಂ ಮುಳ್ಳು 2,500 ದಾಟಲಿಲ್ಲ. ಎದುರಿನ ತಿರುವಿನಲ್ಲಿ ಬಸ್ಸಿನ ಮೂತಿ ಕಾಣಿಸಿತು. ಬ್ರೇಕ್ ಹಾಕಿ ಮತ್ತೆ ಲಾರಿಯ ಹಿಂದಕ್ಕೆ ಸರಿದೆ. ನಮ್ಮ ಹಿಂದೆ ಬೇರೆ ವಾಹನ ಇರಲಿಲ್ಲ, ಅಷ್ಟೇ ಪುಣ್ಯ. ಅಮ್ಮ ಒಂದು ಮಾತೂ ಆಡಲಿಲ್ಲ. ಯಲ್ಲಾಪುರ ಬರುವವರೆಗೂ ಮಗಳ ಕೈ ಹಿಡಿದುಕೊಂಡೇ ಇದ್ದಳು.

ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರೆ ಗಾಡಿ ಏನೂ ಆಗಿಲ್ಲವೆಂಬಂತೆ ಓಡಿತು. 'ಆಫ್ ಮಾಡಿ ಆನ್ ಮಾಡಿ' ಎನ್ನುವುದು ಐಟಿಯವರಾದ ನಮ್ಮ ಹಳೇ ಮಂತ್ರ. ಅದು ಫಲಿಸಿದರೆ ತೊಂದರೆ ಹೋಗಿದೆ ಎಂದಲ್ಲ, ಅಡಗಿ ಕೂತಿದೆ ಎಂದೇ ಅರ್ಥ. ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ ಅಂತ ಎಡಗಡೆ ಲೇನ್ ಹಿಡಿದು ಮೆಲ್ಲಗೆ ಪುಣೆ ಮುಟ್ಟಿದೆವು.

ಮರುದಿನ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಸಿಕ್ಕಿಸಿದರು. ಪಿ0299 ಎಂಬ ಕೋಡ್ ಬಂತು. "ಟರ್ಬೊ ಹೋಗಿದೆ ಸರ್, 68 ಸಾವಿರ ಆಗುತ್ತೆ" ಅಂದರು. ಎರಡು ದಿನ ಯೋಚಿಸಿ ಹೇಳುತ್ತೇನೆ ಎಂದು ಗಾಡಿ ವಾಪಸ್ ತಂದೆ.

ಇಲ್ಲಿ ಟರ್ಬೊ ಬಗ್ಗೆ ನಾಲ್ಕು ಮಾತು. ನಮ್ಮದು 2016ರ ಡೀಸೆಲ್ ಎಸ್‌ಯುವಿ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿಸುತ್ತದೆ. ಅದೇ ದಂಡಕ್ಕಿರುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ಇಂಟರ್‌ಕೂಲರ್ ಮೂಲಕ ಹಾಯಿಸಿ ತಣಿಸುತ್ತಾರೆ. ಈ ದಾರಿಯುದ್ದಕ್ಕೂ ರಬ್ಬರ್ ಹೋಸ್‌ಗಳು, ಕ್ಲಿಪ್ಪುಗಳು. ಬೇಕಾದಷ್ಟು ಒತ್ತಡ ಬರದಿದ್ದರೆ ಕಂಪ್ಯೂಟರ್ ಎಂಜಿನ್ ಉಳಿಸಲು ಶಕ್ತಿ ಕಡಿತ ಮಾಡುತ್ತದೆ. ಇದಕ್ಕೇ ಲಿಂಪ್ ಮೋಡ್ ಅನ್ನುವುದು.

ಪಿ0299 ಹೇಳುವುದು 'ಗಾಳಿಯ ಒತ್ತಡ ಸಾಲುತ್ತಿಲ್ಲ' ಎಂದು ಮಾತ್ರ. ಯಾಕೆ ಎಂದು ಅದು ಹೇಳುವುದಿಲ್ಲ. ಹೋಸ್ ಸೀಳಿರಬಹುದು, ಕ್ಲಿಪ್ ಸಡಿಲವಾಗಿರಬಹುದು, ಟರ್ಬೊ ನಿಯಂತ್ರಿಸುವ ವ್ಯಾಕ್ಯೂಮ್ ಪೈಪ್ ತೂತಾಗಿರಬಹುದು, ಮಸಿ ಕಟ್ಟಿ ಒಳಗಿನ ರೆಕ್ಕೆಗಳು ಅಂಟಿರಬಹುದು, ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಟರ್ಬೊವೇ ಸತ್ತಿರುವುದು ಇಷ್ಟರಲ್ಲಿ ಒಂದು ಸಾಧ್ಯತೆ, ಅದೂ ಎಲ್ಲಕ್ಕಿಂತ ದುಬಾರಿಯದು. ಎರರ್ ಮೆಸೇಜ್ ಓದಿ ಸರ್ವರನ್ನೇ ಬದಲಾಯಿಸಿದರೆ ಆಫೀಸಿನಲ್ಲಿ ನಮ್ಮನ್ನು ಬಿಡುತ್ತಾರೆಯೇ?

ಸುಳಿವುಗಳನ್ನು ಜೋಡಿಸಿದೆ. ಒಂದು, ಒತ್ತಿದಾಗ ಹಿಂದೆ ಕಪ್ಪು ಹೊಗೆ ಬರುತ್ತಿತ್ತು. ಅಂದರೆ ಡೀಸೆಲ್ ಸಿಗುತ್ತಿದೆ, ಗಾಳಿ ಸಾಲುತ್ತಿಲ್ಲ. ಹೊಗೆಯೇ ಇಲ್ಲದೆ ಶಕ್ತಿ ಹೋಗಿದ್ದರೆ ಮೊದಲು ಡೀಸೆಲ್ ಫಿಲ್ಟರ್ ನೋಡಬೇಕಿತ್ತು. (2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಯಾದರೆ ಮಸಿ ಹಿಡಿಯುವ ಫಿಲ್ಟರ್ ಇರುವುದರಿಂದ ಹೊಗೆ ಕಾಣದೇ ಇರಬಹುದು.) ಎರಡನೆಯ ಸುಳಿವು ಕೊಟ್ಟವಳು ಹೆಂಡತಿ: "ಎರಡು ತಿಂಗಳಿಂದ ಉಸ್ ಅಂತ ಸದ್ದು ಬರ್ತಿದೆ ಅಂತ ಹೇಳ್ತಾನೇ ಇದೀನಲ್ಲ!" ನಾನು ಹಾಡಿನ ವಾಲ್ಯೂಮ್ ಏರಿಸಿದ್ದೆ.

ಬ್ಲೂಟೂತ್ ಸ್ಕ್ಯಾನರ್ ಒಂದನ್ನು ತರಿಸಿ ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿದೆ. ಭಾನುವಾರ ಬೆಳಿಗ್ಗೆ ಕಾತ್ರಜ್ ಹಳೇ ಘಾಟಿಗೆ ಹೋದೆವು. ನಾನು ಓಡಿಸುವುದು, ಅವಳು ಫೋನಿನಲ್ಲಿ ಅಂಕಿ ನೋಡುವುದು. ಎಂಜಿನ್ ಆರಿಸಿದಾಗ ಒತ್ತಡ 95 ಕಿಲೋಪಾಸ್ಕಲ್ ಆಸುಪಾಸು. ಪುಣೆಯ ಎತ್ತರಕ್ಕೆ ಹೊರಗಿನ ಗಾಳಿಯ ಒತ್ತಡವೇ ಅಷ್ಟು, ಅಲ್ಲಿಗೆ ಸೆನ್ಸರ್ ನಿಜ ಹೇಳುತ್ತಿದೆ ಎಂದು ನಂಬಬಹುದು. ಏರಿನಲ್ಲಿ ಮೂರನೇ ಗೇರ್ ಹಾಕಿ ಪೂರ್ತಿ ಒತ್ತಿದರೆ ಅಂಕಿ 140ಕ್ಕೆ ನಿಂತುಬಿಟ್ಟಿತು. ಉಸ್ ಸದ್ದೂ ಆಗಲೇ ಜೋರಾಯಿತು.

ಮನೆಗೆ ಬಂದು, ಎಂಜಿನ್ ತಣ್ಣಗಾದ ಮೇಲೆ ಬಾನೆಟ್ ಎತ್ತಿದೆ. ಇಂಟರ್‌ಕೂಲರ್‌ನಿಂದ ಎಂಜಿನ್‌ಗೆ ಹೋಗುವ ಹೋಸ್‌ನ ಕೆಳಭಾಗ ಎಣ್ಣೆ ಎಣ್ಣೆಯಾಗಿತ್ತು. ಬೆರಳಿಂದ ಹಿಚುಕಿದೆ. ಎರಡಿಂಚಿನ ಸೀಳು ಬಾಯಿ ತೆರೆಯಿತು, ಬಿಟ್ಟೊಡನೆ ಮುಚ್ಚಿಕೊಂಡಿತು. ನಿಂತ ಗಾಡಿಯಲ್ಲಿ ಕಾಣದು, ಒತ್ತಡ ಏರಿದಾಗ ಮಾತ್ರ ತೆರೆಯುವಂಥದ್ದು. ಅರಬೈಲಿನಲ್ಲಿ ಆದದ್ದೂ ಅದೇ. ಹೊಸ ಹೋಸ್, ಎರಡು ಕ್ಲಿಪ್, ಕೂಲಿ ಸೇರಿ 2,900 ರೂಪಾಯಿ. ಮತ್ತೆ ಅದೇ ಏರು, ಅದೇ ಗೇರು. ಅಂಕಿ 210 ದಾಟಿತು. ಸದ್ದಿಲ್ಲ, ಹೊಗೆಯಿಲ್ಲ.

ಉಳಿದ ಹಣಕ್ಕಿಂತ ನನ್ನನ್ನು ಕಾಡಿದ ವಿಚಾರ ಬೇರೆ. ಟರ್ಬೊ ಬದಲಾಯಿಸಿದ್ದರೂ ಬಹುಶಃ ಗಾಡಿ ಸರಿಯಾಗುತ್ತಿತ್ತು. ಯಾಕೆಂದರೆ ಆ ಕೆಲಸದಲ್ಲಿ ಹೋಸ್‌ಗಳನ್ನು ಬಿಚ್ಚಲೇಬೇಕು, ಸೀಳಿದ್ದು ಕಣ್ಣಿಗೆ ಬಿದ್ದರೆ ಹೊಸದು ಹಾಕುತ್ತಿದ್ದರು. ನಾನೂ 'ಟರ್ಬೊವೇ ಹೋಗಿತ್ತು' ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಸೀಳು ಕಾಣದೇ ಹೋಗಿದ್ದರೆ ಇನ್ನೂ ಕೆಟ್ಟದು: ರಿಪೇರಿಯಾಗಿದೆ ಎಂಬ ಧೈರ್ಯದಲ್ಲಿ ಮುಂದಿನ ಘಾಟಿಯಲ್ಲಿ ಮತ್ತೆ ಓವರ್‌ಟೇಕ್‌ಗೆ ಇಳಿಯುತ್ತಿದ್ದೆ.

ಚೌತಿಗೋ ದೀಪಾವಳಿಗೋ ಊರಿಗೆ ಹೊರಡುವವರಿಗೆ ನನ್ನದೊಂದೇ ಮಾತು. ಗಾಡಿ ಏರಿನಲ್ಲಿ ಎಳೆಯುತ್ತಿಲ್ಲ ಅನ್ನಿಸಿದರೆ ಹೊರಡುವ ಮೊದಲೇ ತೋರಿಸಿ. "ಯಾವ ಭಾಗ ಹೋಗಿದೆ?" ಎಂದಷ್ಟೇ ಕೇಳಬೇಡಿ, "ಅದೇ ಹೋಗಿದೆ ಅಂತ ಹೇಗೆ ಗೊತ್ತಾಯಿತು?" ಎಂದೂ ಕೇಳಿ. ಅಗ್ಗದ ಪರೀಕ್ಷೆಗಳು ಮೊದಲು ಆಗಲಿ, ಒಂದು ಸಲಕ್ಕೆ ಒಂದೇ ಭಾಗ ಬದಲಾಗಲಿ, ರಿಪೇರಿಗೆ ಮುಂಚೆ ಮತ್ತು ಆಮೇಲೆ ಅದೇ ಏರಿನಲ್ಲಿ ಓಡಿಸಿ ನೋಡಿ.

ಮತ್ತೆ, ಪಕ್ಕದ ಸೀಟಿನವರು ಏನೋ ಸದ್ದು ಬರ್ತಿದೆ ಅಂದರೆ ಹಾಡು ನಿಲ್ಲಿಸಿ. ನಮ್ಮ ಗಾಡಿಯಲ್ಲಿ ಈಗ ಘಾಟಿ ಶುರುವಾದೊಡನೆ ಅಮ್ಮನೇ ಹೇಳುತ್ತಾಳೆ, "ಹಾಡು ಬಂದ್ ಮಾಡೋ."