ವೈವಾ ಕೋಣೆಯ ಇಂಗ್ಲಿಷು

ದೊಡ್ಡವರ ಮುಂದೆ ಮನುಷ್ಯ ಎಚ್ಚರದಿಂದ ಮಾತಾಡುತ್ತಾನೆ, ಎಚ್ಚರವಿದ್ದಲ್ಲಿ ತಪ್ಪು ಕಡಿಮೆ. ವೈವಾ ನಡೆಸುವ ಪ್ರಾಧ್ಯಾಪಕರೂ ನೌಕರಿಗೆ ಸಂದರ್ಶನ ಮಾಡುವ ಸಾಹೇಬರೂ ಹೀಗೇ ನಂಬಿದ್ದಾರೆ. ಆದ್ದರಿಂದ ಅಲ್ಲಿ ತಡವರಿಸಿದವನಿಗೆ ಇಂಗ್ಲಿಷೇ ಬರೋದಿಲ್ಲ ಎಂದು ತೀರ್ಪು. ಈ ಲೆಕ್ಕ ತಾಳೆಯಾಗೋದಿಲ್ಲ ಅಂತ ನನ್ನ ವಾದ.

ನಂಬಿಕೆ ಪೂರ್ತಿ ಸುಳ್ಳೇನಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಲೋನಾ ಡಿಕರ್ಸನ್ ಜಪಾನೀ ವಿದ್ಯಾರ್ಥಿಗಳ ಇಂಗ್ಲಿಷ್ 'ರ್' ಉಚ್ಚಾರ ಪರೀಕ್ಷಿಸಿದರು. ಪದಗಳ ಪಟ್ಟಿ ಓದುವಾಗ ಹೆಚ್ಚು ಸರಿ, ಹರಟುವಾಗ ಕಡಿಮೆ. ಆದರೆ 1980ರಲ್ಲಿ ಲೆಸ್ಲಿ ಬೀಬಿ ಥಾಯ್ ಜನರ ಬಗ್ಗೆ ಬರೆದದ್ದು ಬೇರೆ. ಬಿಗಿಯಾದ ಸಂದರ್ಭದಲ್ಲಿ ಅವರ ಪದದ ಕೊನೆಯ 'ರ್' ಸುಧಾರಿಸಿತು, ಪದದ ಮೊದಲಿನ 'ರ್' ಕೆಟ್ಟಿತು! ಥಾಯ್ ಭಾಷೆಯಲ್ಲಿ ಗೌರವದ ಮಾತಿಗೆ ನಾಲಗೆ ಅದುರಿಸುವ 'ರ್' ಒಂದಿದೆ. ಮರ್ಯಾದೆಯ ಜಾಗ ಅಂದಕೂಡಲೇ ಅದು ಇಂಗ್ಲಿಷಿಗೂ ನುಗ್ಗಿತು. ನಮ್ಮಲ್ಲಿ 'ಹ'ಕಾರ ಹೊರಳದವನು ವೇದಿಕೆ ಹತ್ತಿ 'ಹಾಕಾಶ' ಅನ್ನೋದಿಲ್ಲವೇ? ಮನೆಯಲ್ಲಿ ಅವನ ಆಕಾಶ ಸರಿಯಾಗೇ ಇತ್ತು.

ಎಲೇನ್ ಟರೋನ್ 1985ರಲ್ಲಿ ತೋರಿಸಿದ್ದು ಇನ್ನೂ ಸ್ವಾರಸ್ಯ. ಜಪಾನೀ, ಅರಬ್ಬೀ ಮಾತೃಭಾಷೆಯ ವಿದ್ಯಾರ್ಥಿಗಳು ವ್ಯಾಕರಣ ಪರೀಕ್ಷೆಯಲ್ಲಿ 'ಹಿ ಗೋಸ್' ಎಂಬಲ್ಲಿಯ ಕೊನೆಯ 'ಸ್' ಹೆಚ್ಚು ಸರಿಯಾಗಿ ಬಳಸಿದರು, ಕಥೆ ಹೇಳುವಾಗ ಕಡಿಮೆ. 'ಎ', 'ದಿ'ಗಳದ್ದು ತಿರುಗಾ ಮುರುಗಾ: ಕಥೆಯಲ್ಲೇ ಹೆಚ್ಚು ಸರಿ. ಯಾವ ಮನುಷ್ಯ, ಯಾವ ವಸ್ತು ಅಂತ ಕೇಳುವವನಿಗೆ ಗೊತ್ತಾಗಬೇಕಲ್ಲ, ಅಲ್ಲಿ ಅವು ಬೇಕೇ ಬೇಕು.

ಈಗ ನಮ್ಮ ಕನ್ನಡ ಮಾಧ್ಯಮದ ಹುಡುಗನನ್ನು ನೋಡಿ. ಸವಕಳಿ ಯಾಕೆ ತೆಗೀಬೇಕು ಅಂತ ಲೋಕಲ್ ಗಾಡಿಯಲ್ಲಿ ಗುಜರಾತಿ ಗೆಳೆಯನಿಗೆ ಹರುಕು ಇಂಗ್ಲಿಷಿನಲ್ಲೇ ದಾದರಿನಿಂದ ಕುರ್ಲಾ ತಲುಪುವಷ್ಟರಲ್ಲಿ ಅರ್ಥ ಮಾಡಿಸುತ್ತಾನೆ. ಅದೇ ಪ್ರಶ್ನೆ ವೈವಾದಲ್ಲಿ ಬಂದರೆ ಬಾಯಿ ಕಟ್ಟುತ್ತೆ. ಅವನು ಇಂಗ್ಲಿಷ್ ಕಲಿತದ್ದೇ ನಿಯಮಗಳ ಪಟ್ಟಿಯಾಗಿ. ನಿಯಮ ನೆನೆಸಿಕೊಳ್ಳಲು ವೇಳೆ ಬೇಕು. ಪಟ್ಟನೆ ಉತ್ತರ ಕೇಳುವ ಕೋಣೆಯಲ್ಲಿ ಅದೆಲ್ಲಿ? ತಲೆಯಲ್ಲಿ ಸವಕಳಿಯೂ ವ್ಯಾಕರಣವೂ ಒಂದೇ ಬಾಗಿಲಲ್ಲಿ ನುಗ್ಗಾಡುತ್ತವೆ. ಕಳೆಯುವ ಅಂಕ ಮಾತ್ರ ಅಕೌಂಟೆನ್ಸಿಯದು! ಇದು ಅನ್ಯಾಯ.

ಪರೀಕ್ಷೆಯೇ ಬೇಡ ಅನ್ನುತ್ತಿಲ್ಲ. ಮೊದಲ ಐದು ನಿಮಿಷ ಹುಡುಗ ತನ್ನ ಪ್ರಾಜೆಕ್ಟಿನ ಕಥೆ ತನ್ನ ಧಾಟಿಯಲ್ಲೇ ಹೇಳಲಿ, ನಡುವೆ ತಿದ್ದಬಾರದು. (ಸಾಹೇಬರು ಕುರ್ಚಿಗೆ ಒರಗಿ ಕೂತರೂ ಅರ್ಧ ಭಯ ಇಳಿಯುತ್ತೆ.) ಭಾಷೆಯ ಅಂಕ ಬೇಕಿದ್ದರೆ ಬೇರೆ ಕಲಮಿನಲ್ಲಿ ಹಾಕಲಿ, ವಿಷಯದ ಅಂಕ ಮುಟ್ಟುವುದು ಬೇಡ.