9999 ಆದ ಮೇಲೆ ಏನು?

ಮೊದಲ ಸಲ ಒಬ್ಬನೇ ದೂರದ ಊರಿನ ವಿಮಾನ ನಿಲ್ದಾಣಕ್ಕೆ ಹಾರಿ ವಾಪಸ್ ಬರಬೇಕಿದ್ದ ದಿನ ಬೆಳಿಗ್ಗೆ ನಾಲ್ಕೂವರೆಗೇ ಎದ್ದಿದ್ದೆ. ಪೈಲಟ್ ತರಬೇತಿಯಲ್ಲಿ ಅದಕ್ಕೆ ಸೋಲೊ ಕ್ರಾಸ್ ಕಂಟ್ರಿ ಅನ್ನುತ್ತಾರೆ. ಹವಾಮಾನ ವರದಿ ನೋಡಿದೆ, ಇಂಧನದ ಲೆಕ್ಕ ಹಾಕಿದೆ, ನಕ್ಷೆಯ ಮೇಲೆ ಗೆರೆ ಎಳೆದೆ. ಉಳಿದದ್ದು ಹದಿನಾಲ್ಕು ಪುಟಗಳ ಒಂದು ಪ್ರಿಂಟ್‌ಔಟ್. ಅದನ್ನೂ ಪೆನ್ಸಿಲ್ ಹಿಡಿದು ಓದಿದೆ. ಒಂದೊಂದು ಸಂಖ್ಯೆಯ ಪಕ್ಕದಲ್ಲೂ ಒಂದೊಂದು ಟಿಕ್ ಹಾಕಿದೆ. ಪರೀಕ್ಷೆಯ ಹಿಂದಿನ ರಾತ್ರಿ ಸಿಲೆಬಸ್ ಮುಗಿಸಿದಷ್ಟು ಸಮಾಧಾನವಾಯಿತು.

ಇನ್‌ಸ್ಟ್ರಕ್ಟರ್ ಬಂದವರು ನನ್ನ ಟಿಕ್‌ಗಳನ್ನು ನೋಡಲೇ ಇಲ್ಲ. "ನೀನು ಇಳಿಯೋ ಹೊತ್ತಿಗೆ ಅಲ್ಲಿ ರನ್‌ವೇ ತೆರೆದಿರುತ್ತಾ?" ಅಂತಷ್ಟೇ ಕೇಳಿದರು.

"ಇರುತ್ತೆ ಸರ್."

"ಒಂಬತ್ತನೇ ಪುಟ ತೆಗಿ."

ಒಂಬತ್ತನೇ ಪುಟದ ನಡುವಿನಲ್ಲಿ ಆ ನಿಲ್ದಾಣದ ರನ್‌ವೇ ದುರಸ್ತಿಗಾಗಿ 0530ರಿಂದ 0730ರವರೆಗೆ ಮುಚ್ಚಿರುತ್ತದೆ ಎಂದಿತ್ತು. ವಿಮಾನಲೋಕದ ಗಡಿಯಾರ ಯುಟಿಸಿ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ. ನಾನು ಇಳಿಯಬೇಕಿದ್ದದ್ದು ಹನ್ನೊಂದು ಹತ್ತಕ್ಕೆ. ಅದರ ಪಕ್ಕದಲ್ಲೂ ನನ್ನ ಪೆನ್ಸಿಲ್ ಟಿಕ್ ಅಂದವಾಗಿ ಕೂತಿತ್ತು.

ಆ ದಿನ ನನ್ನನ್ನು ಹಾರಲು ಬಿಡಲಿಲ್ಲ. ಅದು ನ್ಯಾಯವೇ. ಆದರೆ ಓದಿಯೂ ಓದದಂತೆ ಆದದ್ದು ಹೇಗೆ ಎಂಬುದು ಒಂದು ವಾರ ತಲೆ ಕೊರೆಯಿತು. ಸೋಮಾರಿತನ ಇತ್ತು, ಒಪ್ಪುತ್ತೇನೆ. ಇನ್ನೊಂದು ಕಾರಣ ಆ ಸಂಖ್ಯೆಗಳು. ದೊಡ್ಡ ಸಂಖ್ಯೆ ಅಂದರೆ ಹೊಸದು, ಹೊಸದು ಅಂದರೆ ಮುಖ್ಯ ಎಂದು ನನ್ನಷ್ಟಕ್ಕೆ ನಾನೇ ಅಂದುಕೊಂಡಿದ್ದೆ. ದೊಡ್ಡ ಸಂಖ್ಯೆಯವನ್ನು ಕಣ್ಣಿಟ್ಟು ಓದಿದೆ, ಸಣ್ಣವುಗಳ ಮೇಲೆ ಕಣ್ಣಾಡಿಸಿದೆ. ರನ್‌ವೇ ದುರಸ್ತಿ ಮೊದಲೇ ಗೊತ್ತಿದ್ದ ಕೆಲಸ. ಅದರ ಸೂಚನೆ ಮೂರು ವಾರ ಮುಂಚೆಯೇ ಹೊರಟು, ಸಣ್ಣ ಸಂಖ್ಯೆ ಹೊತ್ತು ಹಳಬನಂತೆ ಮೂಲೆಯಲ್ಲಿ ಕೂತಿತ್ತು.

ಈ ಸೂಚನೆಗಳ ಹೆಸರು ನೋಟಾಮ್. ರನ್‌ವೇ ಮುಚ್ಚಿದೆ, ದೀಪ ಕೆಟ್ಟಿದೆ, ಹತ್ತಿರ ಕ್ರೇನ್ ನಿಂತಿದೆ, ಇಂಥ ಆಕಾಶದಲ್ಲಿ ಇಷ್ಟು ಗಂಟೆ ಹಾರುವಂತಿಲ್ಲ ಎಂದು ಪೈಲಟ್‌ಗಳಿಗೆ ತಿಳಿಸುವ ತುರ್ತು ಪ್ರಕಟಣೆ. ಯಲಹಂಕದಲ್ಲಿ ಏರೊ ಇಂಡಿಯಾ ನಡೆಯುವಾಗ ದೇವನಹಳ್ಳಿಯ ವಿಮಾನಗಳ ವೇಳೆ ಬದಲಾಗುತ್ತದಲ್ಲ, ಆಗ ಆಕಾಶ ಮುಚ್ಚುವ ವಿಷಯ ಪೈಲಟ್‌ಗಳಿಗೆ ತಲುಪುವುದು ಹೀಗೆಯೇ. ಬೆಂಗಳೂರಿನ ಆಕಾಶ ಚೆನ್ನೈ ವಲಯಕ್ಕೆ ಸೇರಿದ್ದು. ಭಾರತದಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಅಂತರರಾಷ್ಟ್ರೀಯ ನೋಟಾಮ್ ಕಚೇರಿಗಳಿವೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಹಾಕಿಕೊಟ್ಟ ಪದ್ಧತಿಯಂತೆ ಪ್ರತಿ ನೋಟಾಮ್‌ಗೂ ಮೊದಲು ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ನಾಲ್ಕು ಅಂಕಿ, ಒಂದು ಓರೆ ಗೆರೆ, ಕೊನೆಗೆ ವರ್ಷದ ಎರಡು ಅಂಕಿ. ಎ0412/24 ಅಂದರೆ 2024ರಲ್ಲಿ ಎ ಸರಣಿಯ ನಾನೂರ ಹನ್ನೆರಡನೆಯದು. ಜನವರಿ ಒಂದಕ್ಕೆ ಮತ್ತೆ 0001. ನಮ್ಮ ಆರ್‌ಟಿಓ ನಂಬರ್ ಪ್ಲೇಟ್ ಗೊತ್ತಿದ್ದವರಿಗೆ ಇದು ಸಲೀಸು. ನಾಲ್ಕು ಅಂಕಿಯ ಜಾಗ ಇರುವುದರಿಂದ ಒಂದು ಸರಣಿ 9999ಕ್ಕೆ ಮುಗಿಯುತ್ತದೆ. ಆಮೇಲೆ ಬೇರೆ ಅಕ್ಷರ ಹುಡುಕಬೇಕು. ಎಸ್ ಮತ್ತು ಟಿ ಅಕ್ಷರಗಳನ್ನು ಬಳಸುವಂತಿಲ್ಲ. ಹಿಮದ ಸೂಚನೆಗಳಿಗೆ ಎಸ್ ಮೀಸಲು. ಡಿಜಿಸಿಎ ಪರೀಕ್ಷೆಗೆ ಓದುವ ನಾವೆಲ್ಲ ಇದನ್ನು ಬಾಯಿಪಾಠ ಮಾಡುತ್ತೇವೆ. ಪಾಸಾಗಲು ನೂರಕ್ಕೆ ಎಪ್ಪತ್ತು ಬೇಕು ನೋಡಿ! ಯಾವ ಅಕ್ಷರ ನಿಷಿದ್ಧ ಎಂದು ನಿದ್ದೆಯಲ್ಲೂ ಹೇಳಬಲ್ಲ ನಾನು, ಒಂಬತ್ತನೇ ಪುಟದಲ್ಲಿ ಏನಿದೆ ಎಂದು ಹೇಳಲಾಗಲಿಲ್ಲ.

ಸಂಖ್ಯೆಯನ್ನು ಸುಮ್ಮನೆ ಬೈಯುವುದೂ ಸರಿಯಲ್ಲ. ಟೆಲಿಪ್ರಿಂಟರ್ ಕಾಲದಲ್ಲಿ ಅದಕ್ಕೊಂದು ಘನವಾದ ಕೆಲಸ ಇತ್ತು. ಒಂದು ಕಚೇರಿಯಿಂದ 411 ಬಂತು, 413 ಬಂತು ಅಂದರೆ ನಡುವೆ ಒಂದು ಕಳೆದುಹೋಗಿದೆ ಎಂದು ಪಡೆದವರಿಗೆ ತಕ್ಷಣ ತಿಳಿಯುತ್ತಿತ್ತು, ಕೇಳಿ ತರಿಸಿಕೊಳ್ಳುತ್ತಿದ್ದರು. ಈಗಲೂ ತಿಂಗಳಿಗೊಮ್ಮೆ ಯಾವ್ಯಾವ ಸಂಖ್ಯೆಗಳು ಜಾರಿಯಲ್ಲಿವೆ ಎಂಬ ಪಟ್ಟಿ ಹೊರಡುತ್ತದೆ. ಹಳೆಯ ಸೂಚನೆ ಬದಲಿಸುವಾಗ ಹೊಸದರ ತಲೆಯಲ್ಲಿ ಹಳೆಯದರ ಸಂಖ್ಯೆಯನ್ನೂ ಬರೆಯುತ್ತಾರೆ. ಅಂದರೆ ಸಂಖ್ಯೆ ಇರುವುದು ಕಚೇರಿಯ ಲೆಕ್ಕಕ್ಕೆ. ಸರತಿ ಸಾಲಿನಲ್ಲಿ ಎಷ್ಟನೆಯವನು ಎಂದು ಅದು ಹೇಳುತ್ತದೆ. ಸಾಲಿನಲ್ಲಿ ನಿಂತವನು ಜ್ವರದವನೋ ಹೃದಯಾಘಾತದವನೋ ಎಂದು ಹೇಳುವುದಿಲ್ಲ. ಸರಣಿಯ ಅಕ್ಷರವೂ ವಿಷಯ ಅಥವಾ ಪ್ರದೇಶವನ್ನು ವಿಂಗಡಿಸಬಹುದೇ ಹೊರತು ತುರ್ತನ್ನಲ್ಲ.

ಇಪ್ಪತ್ತಾರರಲ್ಲಿ ಎರಡು ಅಕ್ಷರ ಕಳೆದರೆ ಇಪ್ಪತ್ನಾಲ್ಕು ಸರಣಿ. ಒಂದೊಂದರಲ್ಲಿ 9999. ಒಂದು ಕಚೇರಿ ವರ್ಷಕ್ಕೆ 2,39,976 ಸೂಚನೆ ಹೊರಡಿಸುವಷ್ಟು ಜಾಗ ಇದೆ. ಜಾಗ ಸಾಲದಿದ್ದರೆ ಇನ್ನೊಂದು ಅಂಕಿ ಸೇರಿಸಿ ಎನ್ನುವವರಿಗೆ ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ರೈಲ್ವೆ 2010ರ ಡಿಸೆಂಬರ್‌ನಲ್ಲಿ ನಾಲ್ಕು ಅಂಕಿಯ ರೈಲು ಸಂಖ್ಯೆಗಳನ್ನು ಐದಕ್ಕೆ ಏರಿಸಿತು. ಆಗ ಮೊದಲ ಅಂಕಿಗೆ ಒಂದು ಅರ್ಥವನ್ನೂ ಕೊಟ್ಟಿತು. ಸೊನ್ನೆಯಿಂದ ಶುರುವಾದರೆ ವಿಶೇಷ ರೈಲು, ಐದರಿಂದಾದರೆ ಪ್ಯಾಸೆಂಜರ್. ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಅದರಿಂದ ಏನೋ ಒಂದಿಷ್ಟು ತಿಳಿಯುತ್ತದೆ. ನೋಟಾಮ್‌ಗೆ ಐದನೇ ಅಂಕಿ ಬಂದರೆ ಪೈಲಟ್‌ಗೆ ಏನು ತಿಳಿಯುತ್ತದೆ? ಪುಟಗಳು ಹದಿನಾಲ್ಕರಿಂದ ಇಪ್ಪತ್ತಾಗಬಹುದು, ಅಷ್ಟೇ.

ನನ್ನದು ತರಬೇತಿಯವನ ಸಣ್ಣ ಮುಜುಗರ. ಇದೇ ತಪ್ಪು ಅನುಭವಿಗಳ ಕೈಯಲ್ಲಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಸಾಕ್ಷಿ. 2017ರ ಜುಲೈ 7ರ ನಡುರಾತ್ರಿಯ ಹೊತ್ತು. ಏರ್ ಕೆನಡಾ 759, ಒಳಗೆ 140 ಜನ. ಅಲ್ಲಿ ಜೋಡಿ ರನ್‌ವೇಗಳಲ್ಲಿ ಎಡಗಡೆಯದನ್ನು ಕೆಲಸಕ್ಕಾಗಿ ಮುಚ್ಚಿ ದೀಪ ಆರಿಸಿದ್ದರು. ಬೆಳಗುತ್ತಿದ್ದ ಬಲಗಡೆಯದನ್ನೇ ಪೈಲಟ್‌ಗಳು ಎಡಗಡೆಯದೆಂದು ತಿಳಿದರು. ಅದರ ಬಲಕ್ಕಿದ್ದ ಟ್ಯಾಕ್ಸಿವೇಯನ್ನು ರನ್‌ವೇ ಎಂದು ನಂಬಿ ಇಳಿಯತೊಡಗಿದರು. ಆ ದಾರಿಯಲ್ಲಿ ನಾಲ್ಕು ವಿಮಾನಗಳು ಪ್ರಯಾಣಿಕರನ್ನು ತುಂಬಿಕೊಂಡು ಹೊರಡಲು ಕಾಯುತ್ತಿದ್ದವು. ನೆಲದಿಂದ ಸುಮಾರು 60 ಅಡಿಗೆ ಬಂದ ವಿಮಾನ ಮತ್ತೆ ಮೇಲೇರಿತು. ಯಾರಿಗೂ ಏನೂ ಆಗಲಿಲ್ಲ. ರನ್‌ವೇ ಮುಚ್ಚಿದ ವಿಷಯ ಪೈಲಟ್‌ಗಳಿಗೆ ಕೊಟ್ಟಿದ್ದ 27 ಪುಟಗಳ ಕಾಗದದಲ್ಲಿ ಇತ್ತು. ಎಂಟನೇ ಪುಟದಲ್ಲಿ. ಅದರ ವಿಚಾರಣೆಯಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷರೇ ನೋಟಾಮ್‌ಗಳನ್ನು ಯಾರೂ ಗಮನಿಸದ ಕಸದ ರಾಶಿಗೆ ಹೋಲಿಸಿದರು. ಇದನ್ನು ಓದಿದಾಗ, ನಾಚಿಕೆಯ ವಿಷಯವೇ ಆದರೂ, ನನಗೆ ಸ್ವಲ್ಪ ನಿರಾಳವಾಯಿತು.

ಇನ್ನೊಂದು ಉದಾಹರಣೆಯಲ್ಲಿ ನಿರಾಳವಾಗುವಂಥದ್ದು ಏನೂ ಇಲ್ಲ. 2014ರ ಜುಲೈ 14ರಂದು ಉಕ್ರೇನ್ ತನ್ನ ಪೂರ್ವ ಭಾಗದ ಆಕಾಶವನ್ನು 32,000 ಅಡಿಯವರೆಗೆ ನಿರ್ಬಂಧಿಸಿ ನೋಟಾಮ್ ಹೊರಡಿಸಿತು. ಸಂಖ್ಯೆ ಎ1492/14. ಯಾಕೆ ನಿರ್ಬಂಧ ಎಂಬ ಕಾರಣ ಅದರಲ್ಲಿ ಇರಲಿಲ್ಲ. ಮೂರು ದಿನಗಳ ನಂತರ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನ 33,000 ಅಡಿಯಲ್ಲಿ, ಅಂದರೆ ನಿಯಮದ ಪ್ರಕಾರ ಸರಿಯಾದ ಎತ್ತರದಲ್ಲೇ ಹೋಗುತ್ತಿದ್ದಾಗ ಕ್ಷಿಪಣಿಗೆ ಸಿಕ್ಕಿತು. 298 ಜನ ಸತ್ತರು. ಅದನ್ನು ಒಂದು ಸೂಚನೆಯ ತಲೆಗೆ ಕಟ್ಟುವುದು ತಪ್ಪು, ಕ್ಷಿಪಣಿ ಹಾರಿಸಿದವರು ಬೇರೆಯೇ. ಆದರೂ ಆ ಸಂಖ್ಯೆಯನ್ನು ಒಮ್ಮೆ ನೋಡಿ. ಒಂದು ಅಕ್ಷರ, ನಾಲ್ಕು ಅಂಕಿ, ವರ್ಷ. ಟ್ಯಾಕ್ಸಿವೇಯ ಬಲ್ಬ್ ಕೆಟ್ಟಿದ್ದಕ್ಕೂ ಇದೇ ಅಚ್ಚು, ಕೆಳಗೆ ಯುದ್ಧ ನಡೆಯುತ್ತಿದ್ದದ್ದಕ್ಕೂ ಇದೇ ಅಚ್ಚು.

ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಹಾಸನದಿಂದ ಮಂಗಳೂರಿಗೆ ಸರ್ಕಾರಿ ಬಸ್ ಓಡಿಸುತ್ತಾರೆ. ನನ್ನ ತರಬೇತಿಯ ಸಾಲಕ್ಕೆ ಸಹಿ ಹಾಕಿದವರೂ ಅವರೇ, ಹಾಗಾಗಿ ಹಾರದೇ ಉಳಿದ ದಿನದ ಲೆಕ್ಕ ಅವರಿಗೆ ಒಪ್ಪಿಸಲೇಬೇಕು. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: "ನಮ್ಮ ಡಿಪೊದಲ್ಲೂ ಸರ್ಕ್ಯುಲರ್ ರಾಶಿ ಬೀಳ್ತದೆ ಮಗ. ರಜೆದು, ಯೂನಿಫಾರ್ಮ್‌ದು, ಎಲ್ಲಕ್ಕೂ ನಂಬರ್ ಇರ್ತದೆ, ಫೈಲಿಗೆ ಹೋಗ್ತದೆ. ಶಿರಾಡಿ ಘಾಟಿ ಕುಸಿದ್ರೆ ಮಾತ್ರ ಗೇಟಿನ ಹತ್ರ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೀತಾರೆ. ಅದಕ್ಕೆ ನಂಬರ್ ಇರಲ್ಲ. ನೋಡದೆ ಯಾವ ಗಾಡಿನೂ ಆಚೆ ಹೋಗಲ್ಲ."

ಮರುದಿನ ಇದನ್ನು ಇನ್‌ಸ್ಟ್ರಕ್ಟರ್‌ಗೆ ಹೇಳಿದೆ. ಅವರು ನಕ್ಕರು, ಆದರೆ ಒಪ್ಪಲಿಲ್ಲ. "ನಿಮ್ಮ ತಂದೆಯ ಡಿಪೊದಲ್ಲಿ ಎಲ್ಲರೂ ಬಸ್ ಓಡಿಸೋರು. ಇಲ್ಲಿ ಹಾಗಲ್ಲ. ದೀಪ ಇಲ್ಲದ ಕ್ರೇನ್ ದೊಡ್ಡ ಜೆಟ್‌ಗೆ ಏನೂ ಅಲ್ಲ, ತಗ್ಗಿನಲ್ಲಿ ಹಾರೋ ಹೆಲಿಕಾಪ್ಟರ್‌ಗೆ ಅದೇ ಯಮ. ಯಾವುದು ಮುಖ್ಯ ಅಂತ ಯಾರು ತೀರ್ಮಾನಿಸ್ಬೇಕು? ಅದಕ್ಕೇ ಎಲ್ಲಾನೂ ಹೇಳ್ತಾರೆ."

ಈ ಮಾತಿನಲ್ಲಿ ಹುರುಳಿದೆ. ಕೆಂಪು, ಹಳದಿ, ಹಸಿರು ಎಂದು ಬಣ್ಣ ಬಳಿದರೆ ಮುಗಿಯಿತು ಎಂದುಕೊಂಡಿದ್ದ ನಾನು ಸ್ವಲ್ಪ ಹಿಂದೆ ಸರಿಯಬೇಕಾಯಿತು. ಆದರೆ "ಎಲ್ಲಾನೂ ಹೇಳ್ತಾರೆ" ಎನ್ನುವುದರ ಒಳಗೆ ಇನ್ನೊಂದು ಬುದ್ಧಿ ಅಡಗಿದೆ ಎಂದು ನನ್ನ ಅನುಮಾನ. ಏನಾದರೂ ಆದರೆ "ನಾವು ಹೇಳಿದ್ದೆವಲ್ಲ, ಇಗೋ ಸಂಖ್ಯೆ" ಎನ್ನಬಹುದು. ಕಾಲೇಜಿನಲ್ಲಿ ಇದನ್ನು ನಾವೆಲ್ಲ ಕಂಡಿದ್ದೇವೆ. ಪ್ಲೇಸ್‌ಮೆಂಟ್ ಸಂದರ್ಶನದ ಕೊಠಡಿ ಬದಲಾದದ್ದನ್ನು ನೂರಿಪ್ಪತ್ತು ಗುಡ್ ಮಾರ್ನಿಂಗ್ ಮೆಸೇಜ್‌ಗಳ ನಡುವೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ತಪ್ಪಿಸಿಕೊಂಡವನಿಗೆ "ಗ್ರೂಪಲ್ಲಿ ಹಾಕಿದ್ವಲ್ಲ" ಎನ್ನುತ್ತಾರೆ.

ಹಾಗಾದರೆ ನಾನು ಕೇಳುತ್ತಿರುವುದೇನು? ಸಂಖ್ಯೆ ಇರಲಿ, ಕಚೇರಿಗೆ ಅದು ಬೇಕು. ಆದರೆ ಪೈಲಟ್‌ನ ಕೈಗೆ ಬರುವ ಹಾಳೆ ಕಚೇರಿಯ ಸರತಿಯಲ್ಲಿ ಜೋಡಣೆಯಾಗಬಾರದು. ನಾನು ಯಾವ ವಿಮಾನದಲ್ಲಿ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಹೋಗುತ್ತೇನೆ ಎಂಬುದು ಫ್ಲೈಟ್ ಪ್ಲಾನ್‌ನಲ್ಲೇ ಇದೆ. ನನ್ನ ಹಾಳೆಯ ಮೇಲ್ತುದಿಯಲ್ಲಿ ನಾನು ಇಳಿಯುವ ರನ್‌ವೇ ಇರಲಿ, ಹೆಲಿಕಾಪ್ಟರ್‌ನವನ ಮೇಲ್ತುದಿಯಲ್ಲಿ ಆ ಕ್ರೇನ್ ಇರಲಿ. ಆಗ ಇನ್‌ಸ್ಟ್ರಕ್ಟರ್ ಕೇಳಿದ "ಯಾರು ತೀರ್ಮಾನಿಸ್ಬೇಕು" ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಪ್ರತಿ ನೋಟಾಮ್‌ನಲ್ಲೂ ಸ್ಥಳ, ಆರಂಭ, ಮುಕ್ತಾಯ ಬೇರೆ ಬೇರೆ ಸಾಲಿನಲ್ಲಿ ಈಗಾಗಲೇ ಇವೆ. ವಿಷಯಕ್ಕೆ ಐದಕ್ಷರದ ಸಂಕೇತವೂ ಇದೆ, ರನ್‌ವೇ ಮುಚ್ಚಿದೆ ಎಂಬುದಕ್ಕೆ ಕ್ಯುಎಂಆರ್‌ಎಲ್‌ಸಿ. ದೊಡ್ಡ ವಿಮಾನ ಕಂಪನಿಗಳು ಇವನ್ನು ಹಿಡಿದು ಸೋಸುವ ಸಾಫ್ಟ್‌ವೇರ್ ಕೊಳ್ಳಬಲ್ಲವು. ತರಬೇತಿಯ ಹುಡುಗನಿಗೆ ಪ್ರಿಂಟ್‌ಔಟ್ ಮತ್ತು ಪೆನ್ಸಿಲ್.

ಇನ್ನೂ ಒಂದು. ನೋಟಾಮ್ ತಾತ್ಕಾಲಿಕ ವಿಷಯಕ್ಕೆ, ಮೂರು ತಿಂಗಳು ಮೀರುವಂಥದ್ದು ಬೇರೆ ಪ್ರಕಟಣೆಗೆ ಹೋಗಬೇಕು ಎಂಬುದು ನಿಯಮ. ಸೂಚನೆಗಳನ್ನು ಒಂದರ ಮೇಲೊಂದು ಬದಲಿಸುತ್ತಾ ಹೋದರೆ ಅದೇ ವಿಷಯ ಹೊಸ ಹೊಸ ಸಂಖ್ಯೆಯಲ್ಲಿ ಬದುಕಿಯೇ ಇರುತ್ತದೆ. ಇಂಥ ಹಳೆಯ ನೋಟಾಮ್‌ಗಳನ್ನು ತೆಗೆಸಲು ಐಸಿಎಒ 2021ರಲ್ಲಿ ಅಭಿಯಾನವನ್ನೇ ನಡೆಸಿತು. ಅಮೆರಿಕದವರು ಅದೇ ವರ್ಷ ನೋಟಾಮ್‌ನ ವಿಸ್ತೃತ ಹೆಸರನ್ನು ಬದಲಿಸಿದರು, 2025ರಲ್ಲಿ ಮತ್ತೆ ಹಳೆಯ ಹೆಸರಿಗೆ ಮರಳಿದರು. ನಡುವೆ, 2023ರ ಜನವರಿ 11ರಂದು, ಯಾರೋ ಕೈತಪ್ಪಿ ಕೆಲವು ಫೈಲ್ ಅಳಿಸಿದ್ದರಿಂದ ನೋಟಾಮ್ ವ್ಯವಸ್ಥೆ ಕೆಟ್ಟು, ಇಡೀ ದೇಶದಲ್ಲಿ ವಿಮಾನಗಳು ಹೊರಡುವುದೇ ನಿಂತಿತು. ಯಾರೂ ಓದದ ಕಸ ಅನ್ನಿಸಿಕೊಂಡದ್ದು ಒಂದು ಬೆಳಿಗ್ಗೆ ಸಿಗದೇ ಹೋದಾಗ ಹೀಗಾಯಿತು.

ವ್ಯವಸ್ಥೆ ಬದಲಾಗುವವರೆಗೆ ನನ್ನ ಹಾರಾಟ ಕಾಯುವುದಿಲ್ಲವಲ್ಲ. ಈಗ ಟಿಕ್ ಹಾಕುವುದನ್ನು ಬಿಟ್ಟಿದ್ದೇನೆ. ಒಂದು ಬಿಳಿ ಹಾಳೆಯ ಮೇಲೆ ಹೊರಡುವ ಜಾಗ, ದಾರಿ, ಇಳಿಯುವ ಜಾಗ, ಅದು ತಪ್ಪಿದರೆ ಇಳಿಯುವ ಇನ್ನೊಂದು ಜಾಗ ಎಂದು ನಾಲ್ಕು ಮನೆ ಎಳೆದು, ನನ್ನ ಹೊತ್ತಿಗೆ ಸಂಬಂಧಪಟ್ಟದ್ದನ್ನು ಮಾತ್ರ ನಮ್ಮ ಗಡಿಯಾರಕ್ಕೆ ತಿರುಗಿಸಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಸಂಖ್ಯೆಯನ್ನು ಕೊನೆಗೆ, ಚಿಕ್ಕದಾಗಿ. ಮುಕ್ಕಾಲು ಗಂಟೆ ಹಿಡಿಯುತ್ತದೆ.

ಹತ್ತು ದಿನ ಬಿಟ್ಟು ಅದೇ ನಿಲ್ದಾಣಕ್ಕೆ ಮತ್ತೆ ಹೊರಡುವ ಸರದಿ ಬಂತು. ರನ್‌ವೇ ದುರಸ್ತಿ ಇನ್ನೂ ನಡೆಯುತ್ತಿತ್ತು. ಹಳೆಯ ಸೂಚನೆಯ ಜಾಗದಲ್ಲಿ ಹೊಸದೊಂದು ಬಂದಿತ್ತು, ಹೊಸ ಸಂಖ್ಯೆಯೊಂದಿಗೆ. ಒಳಗಿನ ಮಾತೆಲ್ಲ ಅದೇ, ಮುಚ್ಚುವ ಸಮಯ ಮಾತ್ರ ಅರ್ಧ ಗಂಟೆ ಮುಂಚೆ, ಹತ್ತೂವರೆಗೆ. ಇನ್‌ಸ್ಟ್ರಕ್ಟರ್‌ಗೆ ಹಾಳೆ ತೋರಿಸಿದೆ. ಅವರು ಓದಿ, ಮಡಚಿ, ನನ್ನ ಜೇಬಿಗೆ ತುರುಕಿದರು. ಏಳೂವರೆಗೆ ಹೊರಟೆ.